ರಿಲೀಫ್ ಬರುವವರೆಗೆ

ಅಮ್ಮನ ಮನೆ, ಅಡುಗೆಮನೆಯ ಮೇಜು
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ನಿನ್ನೆ ಫೋನಿನಲ್ಲಿ ಎರಡು ಸಲ ಕೆಮ್ಮಿ ಮೂರನೆಯದನ್ನು ನುಂಗಿಕೊಂಡೆ. ನನಗೆ ಕೇಳಿಸಿತು. ನನಗಷ್ಟೇ ಅಲ್ಲ, ಒಂದಿಡೀ ಸಭಾಂಗಣಕ್ಕೆ ಕೇಳಿಸಿತು. ಅದು ಹೇಗೆಂದು ಮುಂದೆ ಬರೆಯುತ್ತೇನೆ. ಸುರಂಗದೊಳಗೆ ಮುಖಗವಸು ಹಾಕಿಕೊಳ್ಳುತ್ತೀಯೋ, ಅಥವಾ ಕೆಲಸದವರಿಗೆ ಬುದ್ಧಿ ಹೇಳುವಾಗ ಮಾತ್ರ ಅದು ನಿನ್ನ ಕತ್ತಿನಲ್ಲಿ ನೇತಾಡುತ್ತದೆಯೋ? ಕಲ್ಲಿನ ಧೂಳು ಎದೆಗೆ ಇಳಿದರೆ ಸುಲಭಕ್ಕೆ ಹೊರಗೆ ಬರುವುದಿಲ್ಲ, ಜೋಪಾನ. ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ ಎಂದು ಬರೆಯಲು ಹೋದೆ, ಕೈ ಓಡಲಿಲ್ಲ. ಊಟ ಮಾಡಿ ಮಲಗಿದ್ದಾಳೆ. ಅಷ್ಟನ್ನು ಸುಳ್ಳಿಲ್ಲದೆ ಹೇಳಬಹುದು. ಕನ್ನಡದಲ್ಲಿ ಇಷ್ಟುದ್ದ ಬರೆಯಲು ಕೂತು ವರ್ಷಗಳಾದವು. ಇಂಗ್ಲಿಷ್ ಮೀಡಿಯಂ ಕೈ, ಒತ್ತಕ್ಷರ ಅತ್ತಿತ್ತ ಆದರೆ ನಕ್ಕುಬಿಡು. ಇಂಗ್ಲಿಷಿನಲ್ಲಿ ಬರೆದಿದ್ದರೆ ಎಲ್ಲವೂ ಸಭ್ಯವಾಗಿ ಕಾಣುತ್ತಿತ್ತು. ಇದು ಸಭ್ಯವಾಗಿ ಕಾಣುವುದು ನನಗೆ ಬೇಕಾಗಿಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಎರಡು ಸಲ ಹೇಳಿದ್ದೇನೆ ಅಣ್ಣಾ, ಎರಡು ಸಲವೂ ನೀನು ನಕ್ಕೆ. "ಅಮ್ಮಂಗೆ ಮರೆವಾ? ಈಗ ತಾನೇ ಮಾತಾಡಿದೆ, ನನಗಿಂತ ಚುರುಕಾಗಿದಾಳೆ, ನೀನೇ ಸ್ವಲ್ಪ ರೆಸ್ಟ್ ತಗೋ" ಅಂದೆ. ನಿನ್ನ ತಪ್ಪಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಸರ್ವೀಸು ಮುಗಿಸಿದವಳ ಜೊತೆ ಫೋನಿನಲ್ಲಿ ಮಾತಾಡಿ ಅವಳ ತಲೆ ಸರಿಯಿದೆಯೇ ಎಂದು ನೋಡುವುದು, ಮೀನನ್ನು ನೀರಿಗೆ ಬಿಟ್ಟು ಕಾಲು ನೋಯುತ್ತದೆಯೇ ಎಂದು ಕೇಳಿದ ಹಾಗೆ. ರಿಸೀವರ್ ಕಿವಿಗೆ ತಾಗಿದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ, ದನಿಗೆ ಹೊಳಪು ಬರುತ್ತದೆ. "ಹೇಳಿ ಸಾರ್, ಯಾವ ನಂಬರ್ ಬೇಕು?" ಎಂದು ನಿನ್ನನ್ನು ಹಳೆಯ ತಮಾಷೆಯಲ್ಲಿ ಮಾತಾಡಿಸುತ್ತಾಳೆ. ಊಟ ಆಯಿತೇ, ಆರೋಗ್ಯ ಹೇಗಿದೆ, ಅಲ್ಲಿ ಚಳಿಯೇ ಎಂದು ಕೇಳುತ್ತಾಳೆ. ನಿನಗೆ ಎದೆ ತುಂಬುತ್ತದೆ. ಫೋನ್ ಕೆಳಗಿಟ್ಟವಳೇ ಬೆಳಗಿನ ತಿಂಡಿ ಯಾಕೆ ಕೊಟ್ಟಿಲ್ಲ ಎಂದು ನನ್ನನ್ನು ಬೈಯುತ್ತಾಳೆ. ಹೊರಗೆ ಸಂಜೆಯಾಗಿರುತ್ತದೆ.

ಈಗ ಪುಡಿ ಚಿಕ್ಕಪ್ಪನ ವಿಷಯ. ಈ ಹೆಸರು ನಿನಗೆ ಹೊಸದು. ಅಪ್ಪನ ತಮ್ಮ, ನಮ್ಮನ್ನು ಹೆಗಲ ಮೇಲೆ ಹೊತ್ತು ತಿರುಗಿದ ಅದೇ ಚಿಕ್ಕಪ್ಪ. ಈಗ ಬೀದಿಯಲ್ಲಿ ಎಲ್ಲರೂ ಹೀಗೇ ಕರೆಯುತ್ತಾರೆ. ಅವರು ಹಿರಿಯರಿಗಾಗಿ "ನೆನಪಿನ ಕೂಟ" ಎಂದು ನಡೆಸುತ್ತಿರುವುದು ನಿನಗೆ ಗೊತ್ತು, ಶಹಭಾಸ್ ಅಂದವನು ನೀನೇ. ಮೊದಮೊದಲು ನಾನೂ ಅಂದೆ. ನಡೆಯಲಾಗದವರು, ಕಿವಿ ಕೇಳದವರು, ಮನೆಯಲ್ಲಿ ಮಾತಾಡಿಸುವವರಿಲ್ಲದವರು ಶನಿವಾರ ಸಂಜೆ ಒಂದು ಕಡೆ ಸೇರಿ ಟೀ ಕುಡಿಯುತ್ತಾರೆ, ಅದರಲ್ಲಿ ಕೆಟ್ಟದ್ದೇನಿದೆ? ಜನರ ನಡುವೆ ಇರಲಿ, ಒಂಟಿಯಾಗಿ ಕೂರಿಸಬೇಡಿ ಎಂದು ಡಾಕ್ಟರೂ ಹೇಳಿದ್ದರು. ನನಗೆ ಶನಿವಾರ ಲ್ಯಾಬಿನಲ್ಲಿ ಸಂಜೆಯ ಪಾಳಿ. ಚಿಕ್ಕಪ್ಪ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತಾರೆ ಎಂದರೆ ನನಗೂ ನಿರಾಳ. ಆ ನಿರಾಳವೇ ನನ್ನ ಕಣ್ಣು ಕಟ್ಟಿತೇನೋ. ಕೂಟದಲ್ಲಿ ಟೀಯ ಹಿಂದೆ ಒಂದು ಪುಡಿ ಬಂತು. ಅಕ್ರೋಟಿನದಂತೆ, ಇನ್ನೂ ಏನೇನೋ ಬೇರಿನದಂತೆ. ದಿನಕ್ಕೆ ಎರಡು ಚಮಚ ತಿಂದರೆ ಮರೆವು ಬಾಗಿಲ ಹೊರಗೇ ನಿಲ್ಲುತ್ತದಂತೆ. ಆ ಪುಡಿ ಮಾರಲು ಒಂದು ಸಾಕ್ಷಿ ಬೇಕಲ್ಲ, ಆ ಸಾಕ್ಷಿ ನಮ್ಮ ಅಮ್ಮ.

ಆಟ ಹೀಗೆ. ವೇದಿಕೆಯ ಮೇಲೆ ಒಂದು ಮೇಜು, ಪುಡಿಯ ಡಬ್ಬಿಗಳು, ನಡುವೆ ಅಮ್ಮ. ಚಿಕ್ಕಪ್ಪ ಮೈಕ್ ಹಿಡಿದು "ನಮ್ಮ ಅತ್ತಿಗೆ! ವಯಸ್ಸು ಎಪ್ಪತ್ತಾರು! ಕೇಳಿ ನೋಡಿ ಯಾವ ಹಳೇ ನಂಬರ್ ಬೇಕಾದ್ರೂ!" ಎನ್ನುತ್ತಾರೆ. ಸಭೆಯಿಂದ ಯಾರೋ "ಸೇತುವೆ ಹತ್ರದ ಬೇಕರಿ!" ಎಂದು ಕೂಗುತ್ತಾರೆ. ಅಮ್ಮ ಕಣ್ಣು ಮಿಟುಕಿಸದೆ "ಎರಡು ಏಳು ನಾಲ್ಕು" ಎನ್ನುತ್ತಾಳೆ. "ಹಲ್ಲಿನ ಡಾಕ್ಟರು!" "ಮನೆದೋ ಕ್ಲಿನಿಕ್ಕಿಂದೋ?" ಎಂದು ತಿರುಗಿ ಕೇಳುತ್ತಾಳೆ, ಸಭೆ ಬಿದ್ದು ಬಿದ್ದು ನಗುತ್ತದೆ. ಬೇಕರಿ ಮುಚ್ಚಿ ಒಂದು ತಲೆಮಾರು ಕಳೆದಿದೆ, ಹಲ್ಲಿನ ಡಾಕ್ಟರು ಹಲ್ಲಿಲ್ಲದೆ ಸತ್ತರು. ಆದರೆ ಅಮ್ಮ ಹೇಳಿದ ಇನ್ನೊಂದು ನಂಬರ್ ಕೇಳಿ ರಿಟೈರಾದ ಅಂಚೆಯವರೊಬ್ಬರು ಎದ್ದು ನಿಂತು "ಅದು ನನ್ನ ಮನೆ ನಂಬರ್ರೇ ರೀ, ನನಗೇ ಮರೆತಿತ್ತು!" ಎಂದು ಕಣ್ಣೊರೆಸಿಕೊಂಡರೆ ಸಾಕು, ಡಬ್ಬಿಗಳು ಕೈಯಿಂದ ಕೈಗೆ ಹೋಗುತ್ತವೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ. ಅವರನ್ನು ಬೈಯುವ ಮೊದಲು ಇದನ್ನೂ ಬರೆಯಬೇಕು, ಶುರುವಿನಲ್ಲಿ ಒಂದು ಸಲ ನಾನೂ ಹೋಗಿ ಕೂತು ಚಪ್ಪಾಳೆ ತಟ್ಟಿದ್ದೇನೆ. ನಮ್ಮಮ್ಮ ಎಂದು ಹೆಮ್ಮೆಯಾಗಿತ್ತು.

ಎಲ್ಲರೂ ತಪ್ಪಿದ್ದು ಇಲ್ಲೇ ಅಣ್ಣಾ. ಹಳೆಯದು ನೆನಪಿರುವುದು ಮಿದುಳು ಗಟ್ಟಿ ಎನ್ನುವುದಕ್ಕೆ ಗುರುತಲ್ಲ. ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸದು ಮೊದಲು ಹೋಗುತ್ತದೆ, ಹಳೆಯದು ಬಹಳ ಕಾಲ ಉಳಿಯುತ್ತದೆ. ಡಾಕ್ಟರು ಅಮ್ಮನಿಗೆ ಸೇಬು, ಮೇಜು, ಬೀಗ ಎಂದು ಮೂರು ಪದ ಹೇಳಿ, ಅವಳಿಂದಲೂ ಹೇಳಿಸಿ, ಸ್ವಲ್ಪ ಹೊತ್ತು ಬೇರೆ ಮಾತಾಡಿ ಮತ್ತೆ ಕೇಳಿದರು. ಅಮ್ಮ "ಯಾವ ಪದ? ನೀವೇನೂ ಹೇಳಲೇ ಇಲ್ಲವಲ್ಲ" ಎಂದು ಅವರಿಗೇ ಸಮಾಧಾನ ಹೇಳಿದಳು. ಗಡಿಯಾರ ಬರೆಯಿರಿ ಎಂದರೆ ಅಂಕಿಗಳನ್ನೆಲ್ಲ ಒಂದೇ ಮಗ್ಗುಲಿಗೆ ರಾಶಿ ಹಾಕಿದಳು. ಆ ಕೋಣೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಡಾಕ್ಟರು ರಕ್ತದೊತ್ತಡದ ಗುಳಿಗೆ ತಪ್ಪಬಾರದು, ಕಿವಿ ಪರೀಕ್ಷೆ ಮಾಡಿಸಿ, ದಿನಾ ನಡೆಸಿ, ಚೆನ್ನಾಗಿ ನಿದ್ದೆಯಾಗಲಿ, ಪರೀಕ್ಷೆ ಮಾಡಿದ ಹಾಗೆ ಪ್ರಶ್ನೆ ಕೇಳಬೇಡಿ ಎಂದರು. ಇದರಿಂದ ವಾಸಿಯಾಗುವುದಿಲ್ಲ, ಇರುವುದನ್ನು ಇನ್ನಷ್ಟು ಕಾಲ ಉಳಿಸಿಕೊಳ್ಳಲು ನೋಡಬಹುದು ಎಂದೂ ಮುಚ್ಚುಮರೆ ಇಲ್ಲದೆ ಹೇಳಿದರು. ನಾನು ಗುಳಿಗೆಯನ್ನು ಡಬ್ಬಿಗೆ ಹಾಕಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಕಳೆದ ವಾರ ಸಿಂಕಿನ ಕೆಳಗೆ ಸೋರುತ್ತಿದೆಯೆಂದು ಬಗ್ಗಿದರೆ, ಕಸದ ಬುಟ್ಟಿಯ ಹಿಂದೆ ಗುಳಿಗೆಗಳು ಅಂಟಂಟಾಗಿ ಕೂತಿವೆ. ನಾನಿಲ್ಲದಾಗ ಮನೆಗೆ ಬಂದುಹೋಗುವ ಚಿಕ್ಕಪ್ಪನನ್ನು ಕೇಳಿದೆ, ತಾವೇ ಎಸೆಸಿದ್ದನ್ನು ಅವರು ಅಡಗಿಸಲೂ ಇಲ್ಲ. "ಪುಡಿ ಕೆಲಸ ಮಾಡ್ತಾ ಇರೋವಾಗ ಗುಳಿಗೆ ವಿಷ ಯಾಕೆ ಪುಟ್ಟೀ?" ಅಂದರು.

ನಾನು ಇಡೀ ದಿನ ಅವರಿವರ ರಕ್ತ, ಕಫ, ಉಚ್ಚೆಯ ಬಾಟಲಿ ಮುಂದಿಟ್ಟುಕೊಂಡು ಕೂರುವವಳು. ಅದೇ ಕೈ ತೊಳೆದು ಊಟದ ಡಬ್ಬಿ ತೆಗೆಯುತ್ತೇನೆ. ಹೇಸಿಗೆ ಎನ್ನುವುದು ನನಗೆ ಅಷ್ಟು ಸುಲಭಕ್ಕೆ ಹುಟ್ಟುವುದಿಲ್ಲ. ಆವತ್ತು ಅಮ್ಮನ ಪುಡಿಯ ಡಬ್ಬಿ ತೆಗೆದು ಮೂಸಿದೆ. ಕಮಟು ಎಣ್ಣೆಯ ವಾಸನೆ, ಅದರ ಮೇಲೆ ಸಕ್ಕರೆಯ ಸಿಹಿ. ಚಮಚದಿಂದ ಕೆದಕಿದರೆ ಪುಡಿ ಬಲೆಯಲ್ಲಿ ಸಿಕ್ಕಿಕೊಂಡ ಹಾಗೆ ಮುದ್ದೆಯಾಗಿ ಎದ್ದಿತು. ಒಳಗೆ ಬಿಳಿ ಹುಳು, ಜೀವಂತ, ಹೊರಳುತ್ತಿತ್ತು. ಚಮಚಕ್ಕೆ ಅಮ್ಮನ ಎಂಜಲು ಒಣಗಿ ಅಂಟಿತ್ತು. ಚಿಕ್ಕಪ್ಪನಿಗೆ ತೋರಿಸಿದೆ. ಏನಂದರು ಗೊತ್ತೇ? "ಹುಳ ತಿಂತಿದೆ ಅಂದ್ರೆ ಕೆಮಿಕಲ್ ಇಲ್ಲ ಅಂತ ತಾನೇ ಅರ್ಥ!" ನಗು ಬಂದಿರಬೇಕು ನಿನಗೆ. ನನಗೂ ಒಂದು ಕ್ಷಣ ಬಂತು. ಆಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ.

ನಿನ್ನೆ ಲ್ಯಾಬಿನಲ್ಲಿ ಯಂತ್ರ ಕೈಕೊಟ್ಟಿತು, ಬೇಗ ಬಿಟ್ಟರು. ಪುಡಿ ತಿನ್ನಿಸಬೇಡಿ ಎಂದು ಹೇಳಿದ್ದೆನಲ್ಲ, ಕೇಳಿದ್ದಾರೋ ನೋಡೋಣ ಎಂದು ಸೀದಾ ಸಭಾಂಗಣಕ್ಕೆ ಹೋದೆ. ಹಿಂದಿನ ಸಾಲಿನಲ್ಲಿ ನಿಂತೆ. ಕಿಟಕಿ ಮುಚ್ಚಿದ ಕೋಣೆ, ಚೆಲ್ಲಿದ ಟೀ, ಹಳೆಯ ಕುರ್ಚಿಗಳ ಬೆವರು ವಾಸನೆ. ಅಮ್ಮ ಆಗಲೇ ಬಹಳ ಹೊತ್ತಿನಿಂದ ಕೂತಿದ್ದಳು ಎನ್ನುವುದು ಅವಳ ಭುಜ ನೋಡಿದರೇ ಗೊತ್ತಾಗುತ್ತಿತ್ತು. ತುಟಿಯ ಅಂಚಿನಲ್ಲಿ ಪುಡಿ ಒದ್ದೆಯಾಗಿ ಕಂದು ಗೆರೆ ಕಟ್ಟಿತ್ತು. ಎಲ್ಲರೆದುರು ಎರಡು ಚಮಚ ತಿನ್ನಿಸಿ ತೋರಿಸುತ್ತಾರಲ್ಲ, ಆಗಿನದು. ನಂಬರುಗಳ ಆಟ ಮುಗಿಯುತ್ತಾ ಬಂದಿತ್ತು. ಆಗ ಚಿಕ್ಕಪ್ಪ ಗಡಿಯಾರ ನೋಡಿ, ಕೈಯೆತ್ತಿ ಸಭೆಯನ್ನು ಸುಮ್ಮನಿರಿಸಿದರು. ಅಮ್ಮನ ಫೋನ್ ರಿಂಗಾಯಿತು. ಅದನ್ನು ಮೈಕಿಗೆ ಹಿಡಿದರು. ಅದು ನೀನು ಅಣ್ಣಾ. ಬೇರೆ ದಿನ ತಪ್ಪಿದರೂ ಶನಿವಾರ ಸಂಜೆ ತಪ್ಪದೆ ಸೈಟಿನ ಆಫೀಸಿಗೆ ಇಳಿದು ಬಂದು ಅಮ್ಮನಿಗೆ ಮಾಡುವ ಆ ಫೋನೇ ಅವರ ಆಟದ ಕೊನೆಯ ಅಂಕ. "ನನಗೇ ಮರೆವು ಶುರುವಾಗಿದೆ ಅಮ್ಮಾ, ನೀನು ಮಾತ್ರ ಗಟ್ಟಿ!" ಅಂದೆಯಲ್ಲ, ಆಗ ಎಷ್ಟು ದೊಡ್ಡ ಚಪ್ಪಾಳೆ ಬಿತ್ತು ಎಂದರೆ ನಿನಗೂ ಕೇಳಿಸಿರಬೇಕು. ಟಿವಿ ಸದ್ದು ಅಂದುಕೊಂಡೆಯೋ ಏನೋ.

ಚಪ್ಪಾಳೆ ನಿಲ್ಲುವ ಮೊದಲೇ ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ಅಮ್ಮನ ಕುರ್ಚಿಯಿಂದ ವೇದಿಕೆಯ ಹಲಗೆಗೆ ತೊಟ್ಟಿಕ್ಕುತ್ತಿತ್ತು. ಚಿಕ್ಕಪ್ಪ ನೋಡಿದರು. ನೋಡಲಿಲ್ಲ ಎಂದು ನಾನು ಎಷ್ಟು ಸಲ ನನಗೇ ಹೇಳಿಕೊಳ್ಳಲು ಯತ್ನಿಸಿದರೂ ಆಗುತ್ತಿಲ್ಲ, ಅವರು ನೋಡಿದರು. ಮೈಕ್ ಬಿಡದೆ, ಒಂದು ಕೈಯಲ್ಲಿ ಮೇಜಿನ ಮುಂದೆ ಇಳಿಬಿಟ್ಟಿದ್ದ ಬಟ್ಟೆಯನ್ನೆಳೆದು ಅಮ್ಮನ ತೊಡೆಯ ಮೇಲೆ ಹರಡಿದರು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ "ನೆನಪಿಗೆ ವಯಸ್ಸಿಲ್ಲ" ಎಂದು ಬರೆದಿದೆ. ಮತ್ತೆ ಡಬ್ಬಿ ಎತ್ತಿ ಹಿಡಿದರು. ಜನ ಸಾಲಾಗಿ ಬಂದು, ಅಮ್ಮನ ಪಕ್ಕದಲ್ಲೇ ನಿಂತು, ಉಸಿರು ಬಿಗಿಹಿಡಿದು ಡಬ್ಬಿ ತೆಗೆದುಕೊಂಡರು. ಬಟ್ಟೆಯ ಮೇಲಿನ ಅಕ್ಷರ ಒಂದೊಂದಾಗಿ ಕಪ್ಪಾಗುತ್ತಾ ಹೋಯಿತು. ನಾನೂ ಮೊದಲು ಕೈಯಿಟ್ಟದ್ದು ನನ್ನ ಮೂಗಿಗೇ. ಅಮ್ಮನ ಕಡೆಗೆ ಕಾಲು ಹಾಕುವ ಮೊದಲು ಮೂಗು ಮುಚ್ಚಿಕೊಂಡೆ, ಬೇರೆಯವರ ಬಾಟಲಿಗೆ ಎಂದೂ ಮುಚ್ಚಿಕೊಳ್ಳದವಳು.

ಹತ್ತಿರ ಹೋಗಿ "ಅಮ್ಮಾ, ಏಳು, ಮನೆಗೆ ಹೋಗೋಣ" ಅಂದೆ. ಏಳಲಿಲ್ಲ. ಎಳೆದೆ. ಕುರ್ಚಿಯ ಕೈ ಹಿಡಿದುಕೊಂಡು ತಲೆ ಅಲ್ಲಾಡಿಸಿದಳು. ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ, ಭಯ ಇತ್ತು. "ಬೋರ್ಡ್ ಬಿಟ್ಟು ಏಳೋ ಹಾಗಿಲ್ಲ. ರಿಲೀಫ್ ಬಂದಿಲ್ಲ" ಅಂದಳು. ಆಗ ಎಲ್ಲ ಅರ್ಥವಾಯಿತು. ಪ್ರತಿ ಶನಿವಾರ ಚಿಕ್ಕಪ್ಪ ಬಾಗಿಲಲ್ಲಿ ನಿಂತು "ಅತ್ತಿಗೇ, ಡ್ಯೂಟಿ!" ಎಂದು ಕೂಗುತ್ತಿದ್ದರು, ಅಮ್ಮ ಗಡಿಬಿಡಿಯಲ್ಲಿ ಚಪ್ಪಲಿ ಹುಡುಕುತ್ತಿದ್ದಳು. ನಾನು ಅದನ್ನು ಅತ್ತಿಗೆ ಮೈದುನರ ತಮಾಷೆ ಎಂದುಕೊಂಡಿದ್ದೆ. ಅವಳಿಗೆ ಅದು ತಮಾಷೆಯಾಗಿರಲಿಲ್ಲ. ಅವಳು ನಿಜಕ್ಕೂ ಎಕ್ಸ್‌ಚೇಂಜಿಗೆ ಹೋಗುತ್ತಿದ್ದಳು. ಚಿಕ್ಕಪ್ಪ ಅವಳ ಸೂಪರ್‌ವೈಸರ್. ಮೇಜು ಅವಳ ಸ್ವಿಚ್‌ಬೋರ್ಡು. ಬದಲಿ ಆಪರೇಟರ್ ಬಂದು ಕೂರುವ ತನಕ ಮೂತ್ರಕ್ಕೂ ಏಳಬಾರದು ಎನ್ನುವುದು ಅವಳ ಕಾಲದ ಕಾನೂನು. ನಾವು ಚಿಕ್ಕವರಿದ್ದಾಗ ಆ ಕಾರಿಡಾರಿನ ಬೆಂಚಿನ ಮೇಲೆ ಕಾಯುತ್ತಿದ್ದೆವಲ್ಲ, ಬದಲಿಯವರು ಬಂದು ಹೇಗೆ ಬಲ ಭುಜ ತಟ್ಟುತ್ತಿದ್ದರು, ನೆನಪಿದೆಯೇ? ಮೂಗಿನ ಮೇಲಿನ ಕೈ ತೆಗೆದೆ. ಹಿಂದಿನಿಂದ ಹೋಗಿ ಅವಳ ಬಲ ಭುಜ ತಟ್ಟಿದೆ. "ರಿಲೀಫ್ ಬಂದಿದೀನಿ. ನೀವು ಏಳಿ" ಅಂದೆ. ಅಣ್ಣಾ, ಆ ಉಸಿರು ನೀನು ಕೇಳಬೇಕಿತ್ತು. ಇಲ್ಲದ ಹೆಡ್‌ಸೆಟ್ಟನ್ನು ತಲೆಯಿಂದ ಎರಡೂ ಕೈಯಲ್ಲಿ ತೆಗೆದು ನನಗೆ ಕೊಟ್ಟಳು. "ಲೇಟಾಯ್ತಲ್ಲೇ" ಎಂದು ಗದರಿದಳು. "ಮೂರನೇ ಲೈನಲ್ಲಿ ಒಬ್ಬರು ಕಾಯ್ತಾ ಇದಾರೆ, ಬಿಟ್ಬಿಡಬೇಡ" ಎಂದು ಹೇಳಿ ಎದ್ದಳು. ಬಟ್ಟೆ ಕೆಳಗೆ ಬಿತ್ತು, ಅದನ್ನು ನಾನು ಎತ್ತಿಕೊಂಡೆ. ಎಲ್ಲರೆದುರು, ಒದ್ದೆಯಾಗಿ, ತಲೆಯೆತ್ತಿ ನಡೆದು ಹೋದಳು. ಯಾರೂ ದಾರಿಗೆ ಅಡ್ಡ ಬರಲಿಲ್ಲ, ಯಾರೂ ಕೈ ಕೊಡಲೂ ಇಲ್ಲ.

ಇವತ್ತು ಬೆಳಿಗ್ಗೆ ಚಿಕ್ಕಪ್ಪ ಬಂದಿದ್ದರು. ಕ್ಷಮೆ ಕೇಳಲು ಎಂದುಕೊಂಡು ಬಾಗಿಲು ತೆಗೆದೆ. ಮೇಜಿನ ಬಟ್ಟೆ ಒಗೆದಾಯಿತೇ ಎಂದು ಕೇಳಲು ಬಂದಿದ್ದರು! ಮುಂದಿನ ಶನಿವಾರ ದೊಡ್ಡ ಸಭೆಯಿದೆಯಂತೆ, ಬೇರೆ ಊರಿನವರೂ ಬರುತ್ತಾರಂತೆ. "ಒಂದು ಡಯಪರ್ ಹಾಕಿದ್ರೆ ಆಯ್ತಪ್ಪ, ಅದಕ್ಯಾಕೆ ಇಷ್ಟು ರಂಪ" ಅಂದರು. ನಾನು ಅಮ್ಮನನ್ನು ಕಳಿಸುವುದಿಲ್ಲ ಎಂದೆ. "ಕಳಿಸೋಕೆ ನೀನ್ಯಾರು? ನಿಮ್ಮಣ್ಣ ಒಪ್ಪಿದಾನೆ. ಅವನ ಫೋನಿಗೇ ಜನ ಬರೋದು" ಅಂದರು. ನಾನಿಲ್ಲದ ಹೊತ್ತಿನಲ್ಲಿ ಅವರು ಬಂದು "ಡ್ಯೂಟಿ" ಎಂದರೆ ಅಮ್ಮ ಹೊರಟುಬಿಡುತ್ತಾಳೆ. ನಾನು ಎಷ್ಟು ಬೀಗ ಹಾಕಲಿ? ಮೋಸಗಾರರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಅವರು ಹೋಗುವ ಮೊದಲು ಜೇಬಿನಿಂದ ಒಂದು ಪೊಟ್ಟಣ ತೆಗೆದು, ಅದೇ ಹುಳುಪುಡಿಯನ್ನು ಬಾಯಿಗೆ ಸುರಿದುಕೊಂಡು, ನೀರಿಲ್ಲದೆ ನುಂಗಿದರು. ಆಮೇಲೆ ನಮ್ಮ ಬಾಗಿಲ ಚಿಲಕ ಯಾವ ಕಡೆ ತೆಗೆಯುವುದು ಎಂದು ತಿಳಿಯದೆ ಸ್ವಲ್ಪ ಹೊತ್ತು ನಿಂತರು. ನಾನೇ ತೆಗೆದುಕೊಟ್ಟೆ. ಕರುಣೆ ಬರಬೇಕಿತ್ತು. ಬಂದದ್ದು ಹೇಸಿಗೆಯೇ. ಇದು ನನ್ನಲ್ಲಿ ಏನೋ ಕೆಟ್ಟಿರುವ ಗುರುತೇ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಆದರೆ ತನಗೂ ಮರೆವು ಬರುತ್ತಿದೆ ಎಂದು ಹೆದರಿಕೊಂಡು ಇನ್ನೊಬ್ಬರನ್ನು ಉಚ್ಚೆಯಲ್ಲಿ ಕೂರಿಸುವ ಹಕ್ಕು ಯಾರಿಗಾದರೂ ಇದೆಯೇ, ನೀನೇ ಹೇಳು.

ಎಲ್ಲ ಕೂಟಗಳೂ ಹೀಗೆ ಎಂದು ತಿಳಿಯಬೇಡ. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಮಂಗಳವಾರ ಬೆಳಿಗ್ಗೆ ಡಾಕ್ಟರ ಕಡೆಯ ನರ್ಸ್ ಒಬ್ಬರು ಮರೆವಿನವರನ್ನೂ ಅವರ ಮನೆಯವರನ್ನೂ ಸೇರಿಸುತ್ತಾರೆ. ಹೋದ ಮಂಗಳವಾರ ರಜೆ ಹಾಕಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಯಾರೂ ಯಾರನ್ನೂ "ನಾನ್ಯಾರು ಹೇಳಿ ನೋಡೋಣ" ಎಂದು ಕೇಳುವುದಿಲ್ಲ. ಹೆಸರು ಹೇಳಿಕೊಂಡೇ ಮಾತು ಶುರುಮಾಡುತ್ತಾರೆ. ಹಳೆಯ ಪುಸ್ತಕಗಳ ಧೂಳು ಒರೆಸುವುದು ಅಮ್ಮನ ಪಾಲಿಗೆ ಬಂತು. ಪಕ್ಕದಲ್ಲಿ ಕೂತಿದ್ದ ಮಾಜಿ ದರ್ಜಿಯೊಬ್ಬರು ಒರೆಸಿದ ಪುಸ್ತಕವನ್ನೇ ಮತ್ತೆ ಮತ್ತೆ ಕೊಟ್ಟರು, ಇವಳು ಮತ್ತೆ ಮತ್ತೆ ಒರೆಸಿದಳು, ಇಬ್ಬರಿಗೂ ಭಾರಿ ಸಂತೋಷ. ನಾನು ಮೂಲೆಯಲ್ಲಿ ಕೂತು, ಗಂಡನನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿನ ಜೊತೆ ಟೀ ಕುಡಿದೆ. "ಬೈಯೋಷ್ಟು ಸಿಟ್ಟು ಬರುತ್ತೆ, ಬೈದುಬಿಡಿ, ಆದ್ರೆ ಇನ್ನೊಂದು ಕೋಣೆಗೆ ಹೋಗಿ ಬೈರಿ" ಅಂದರು. ಬಹಳ ದಿನಗಳಿಂದ ಯಾರೂ ನನಗೆ ಅಷ್ಟು ಕೆಲಸಕ್ಕೆ ಬರುವ ಮಾತು ಹೇಳಿರಲಿಲ್ಲ.

ನಾನು ಕೇಳುವುದು ಇಷ್ಟು. ಚಿಕ್ಕಪ್ಪನಿಗೆ ನಿನ್ನ ಬಾಯಿಂದಲೇ ಹೇಳು, ಅಮ್ಮ ಇನ್ನು ಆ ವೇದಿಕೆ ಹತ್ತುವುದಿಲ್ಲ ಎಂದು. ನನ್ನ ಮಾತು ಅವರಿಗೆ ಹುಡುಗಿಯ ರಂಪ, ನಿನ್ನದಾದರೆ ಮನೆಯ ತೀರ್ಮಾನ. ಅದೂ ಅಸಹ್ಯವೇ, ಆದರೆ ಅದರ ಜಗಳಕ್ಕೆ ಈಗ ಪುರುಸೊತ್ತಿಲ್ಲ. ಶನಿವಾರಕ್ಕೆ ಮೊದಲು ಹೇಳು. ಶನಿವಾರ ಮಾತ್ರ ಫೋನ್ ಮಾಡಬೇಡ.

ಬಿಸಿನೀರು ಕುಡಿ, ಕೆಮ್ಮಿಗೆ ಸೈಟಿನ ಕಾಂಪೌಂಡರನ್ನು ನಂಬಿ ಕೂರದೆ ಎಕ್ಸ್‌ರೇ ತೆಗೆಸು. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ. ಅಮ್ಮ ಎಚ್ಚರವಿದ್ದಿದ್ದರೆ ನಿನಗೆ ಒಳ್ಳೆಯದಾಗಲಿ ಎನ್ನುತ್ತಿದ್ದಳು. ಅವಳು ಈಗ ಎಲ್ಲರಿಗೂ ಹಾಗೆನ್ನುತ್ತಾಳೆ, ಹಾಲಿನವರಿಗೂ. ಆದರೂ ಇಟ್ಟುಕೋ.

ನಿನ್ನ ತಂಗಿ

ತಾ.ಕ.: ನಿಮ್ಮ ಸೈಟಿಗೆ ಸಾಮಾನು ತರುವ ಲಾರಿಯವರು ಹೊರಗೆ ಹಾರನ್ ಹೊಡೆಯುತ್ತಿದ್ದಾರೆ, ಕಾಗದ ಅವರ ಕೈಗೇ ಕೊಡಬೇಕು. ಒಂದು ಮಾತು ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ. "ಹೇಳಿ ಸಾರ್" ಎನ್ನುವುದು ತಮಾಷೆಯಲ್ಲ ಅಣ್ಣಾ. ಈಚೆಗೆ ಅವಳು ಒಂದು ಸಲವಾದರೂ ನಿನ್ನನ್ನು ಮಗನೇ ಎಂದಳೇ, ಯೋಚಿಸಿ ನೋಡು. ಮೂರನೇ ಲೈನಿನವರು ನೀನು. ಪ್ರತಿ ಸಲ ನೀನು ಫೋನಿಟ್ಟ ಮೇಲೆ ನನ್ನನ್ನು ಕೇಳುತ್ತಾಳೆ, "ಪಾಪ, ಒಳ್ಳೇ ಮನುಷ್ಯರು, ಅವರಮ್ಮನ ಜೊತೆ ಮಾತಾಡಬೇಕಂತೆ, ಲೈನ್ ಸಿಕ್ತಾ ಅವರಿಗೆ?" ಎಂದು. ಇವತ್ತು ಬೆಳಿಗ್ಗೆಯೂ ಕೇಳಿದಳು. "ಇನ್ನೂ ಇಲ್ಲ, ಕಾಯ್ತಾ ಇದಾರೆ" ಅಂದೆ. ತುಂಬ ಬೇಜಾರು ಮಾಡಿಕೊಂಡಳು. "ಎಷ್ಟು ಅಂತ ಕಾಯಿಸ್ತೀಯ? ಈ ಲೈನು ಸರಿ ಇಲ್ಲ. ಇಲ್ಲಿಗೇ ಬಂದುಬಿಡೋಕೆ ಹೇಳು" ಅಂದಳು.